ಮೂವತ್ತೈದೋ ಎಪ್ಪತ್ತೋ

ಫೆಬ್ರವರಿ 10, ಸೋಮವಾರ. ಮೆಲ್ಕಾರ್

ಮಂಗಳೂರಿನ ಆಸ್ಪತ್ರೆಯಿಂದ ಇವತ್ತು ಮನೆಗೆ ಬಂದೆ. ಬಿ.ಸಿ. ರೋಡಿನಿಂದ ಸೇತುವೆ ದಾಟುವವರೆಗೆ ಹೆದ್ದಾರಿಯ ಧೂಳು ಕಾರಿನ ಗಾಜಿನೊಳಗೂ ಬಂತು. ಬಂಟ್ವಾಳದ ಕೋರ್ಟಿನ ಮೆಟ್ಟಿಲನ್ನು ವಕೀಲನಾಗಿ ಹತ್ತಿದ ವರ್ಷದಿಂದ, ಈ ರಸ್ತೆಯನ್ನು ಸರಿಮಾಡುತ್ತೇವೆ ಎಂದವರ ಹೆಸರೆಲ್ಲ ನನಗೆ ನೆನಪಿವೆ. ಎಪ್ಪತ್ತನಾಲ್ಕರ ನೆರೆಯಲ್ಲಿ ಪೇಟೆಗೆ ದೋಣಿಯಲ್ಲಿ ಬಂದು ಕೈ ಬೀಸಿ ಹೋದವರ ಹೆಸರೂ ನೆನಪಿದೆ. ಯಾರಾದರೂ ನೆನಪಿಟ್ಟುಕೊಳ್ಳಬೇಕಲ್ಲ.

ನವೆಂಬರಿನಲ್ಲಿ ನನ್ನ ಎಡಭುಜದ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆಯೊಂದನ್ನು ಇಟ್ಟರು. ಹೃದಯ ಲಯ ತಪ್ಪಿ ಓಡಿದರೆ ಅದು ಒಳಗಿನಿಂದಲೇ ಒಂದು ಶಾಕ್ ಕೊಟ್ಟು ದಾರಿಗೆ ತರುತ್ತದೆ. ಮೂರು ತಿಂಗಳು ಅದು ಸುಮ್ಮನಿತ್ತು. ಕಳೆದ ಗುರುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಶಶಿಯ ಹತ್ತಿರ ಏನೋ ಹೇಳುತ್ತಿದ್ದೆ. ಎದೆಯೊಳಗಿನಿಂದ ಎತ್ತು ಒದ್ದ ಹಾಗಾಯಿತು. ನೆಲದಲ್ಲಿದ್ದೆ.

ಪ್ರಜ್ಞೆ ತಪ್ಪಿರಲಿಲ್ಲ. ಅದೇ ತೊಂದರೆ. ಶಶಿಪ್ರಭಾ, ನನ್ನ ಹೆಂಡತಿ, ಓಡಿ ಬಂದವಳು ಎರಡು ಮಾರು ದೂರದಲ್ಲಿ ನಿಂತುಬಿಟ್ಟಳು. ಹಿಂದೆ ತಿರುಗಿ, ಕೂರುವ ಮಣೆ ತೆಗೆದುಕೊಂಡು, ಅದರ ಅಂಚಿನಿಂದ ನನ್ನ ತೋಳನ್ನು ತಳ್ಳಿದಳು. ಕರೆಂಟು ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಮರದಿಂದ ತಳ್ಳಬೇಕು. ನಮ್ಮ ಕಡೆ ಪಂಪಿರುವ ಮನೆಯ ಮಕ್ಕಳಿಗೆಲ್ಲ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಇದು. ಆದರೆ ನಾನು ಪಂಪ್ ಶೆಡ್ಡೇ? ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿ, ಕೊನೆಗೆ ಮಣೆಯಿಂದ ತಳ್ಳಿಸಿಕೊಂಡೆ.

ಆಸ್ಪತ್ರೆಯಲ್ಲಿ ಇನ್ನೊಂದು ಕಥೆ. ಪೆಟ್ಟಿಗೆಯ ಒಳಗಿನ ದಾಖಲೆ ನೋಡಲು ಫಾಝಿಲ್ ಎಂಬ ತಂತ್ರಜ್ಞ ಬಂದ. ನೋಡಿ, "ಒಂದು ಡಿಸ್ಚಾರ್ಜ್ ಆಗಿದೆ" ಎಂದ. ಶಶಿ ತಕ್ಷಣ ಎದ್ದು ಚೀಲಕ್ಕೆ ಬಟ್ಟೆ ತುಂಬಿದಳು, ಮಗಳಿಗೆ ಫೋನು ಮಾಡಿ ಮನೆಗೆ ಹೊರಟೆವು ಎಂದಳು. ಡಿಸ್ಚಾರ್ಜ್ ಆದದ್ದು ನಾನಲ್ಲ, ನನ್ನೊಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ಎಂದು ಅವಳಿಗೆ ತಿಳಿಸುವಷ್ಟರಲ್ಲಿ ಪಕ್ಕದ ಮಂಚದವರು ನಮಗೆ ಶುಭ ಹಾರೈಸಿಯೂ ಆಗಿತ್ತು.

ಫೆಬ್ರವರಿ 14, ಶುಕ್ರವಾರ

ಶಶಿ ಹಾಲ್‌ನ ದಿವಾನದಲ್ಲಿ ಮಲಗುತ್ತಿದ್ದಾಳೆ. ಕೋಣೆಯ ಫ್ಯಾನಿನ ಗಾಳಿ ಆಗುವುದಿಲ್ಲವಂತೆ. ಅದು ಅದೇ ಫ್ಯಾನು.

ಚಹಾ ಲೋಟವನ್ನು ಕೈಗೆ ಕೊಡುವುದಿಲ್ಲ, ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಮಾತ್ರೆಯನ್ನು ತಟ್ಟೆಯಲ್ಲಿ ಇಡುತ್ತಾಳೆ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಬೇಕಾಗಿತ್ತು, ಕೇಳಲಿಲ್ಲ. ಕೇಳುವುದು ನನ್ನಿಂದಾಗದು. ಅವಳ ಪ್ರಕಾರ ನಾನು ಈಗ ಲೈವ್ ತಂತಿ.

ಅಜ್ಞಾನವನ್ನು ಸಹಿಸಬಹುದು. ಅಜ್ಞಾನ ನನ್ನ ಮನೆಯಲ್ಲೇ ದಿವಾನದ ಮೇಲೆ ಮಲಗುವುದನ್ನು ಸಹಿಸುವುದು ಕಷ್ಟ.

ಫೆಬ್ರವರಿ 19, ಬುಧವಾರ

ಪೆಟ್ಟಿಗೆಯ ಜೊತೆ ಕೊಟ್ಟ ಪುಸ್ತಿಕೆಯನ್ನು ಇವತ್ತು ಪೂರ್ತಿ ಓದಿದೆ. ಲಾ ಓದುವ ಮೊದಲು ನಾನು ಭೌತಶಾಸ್ತ್ರದ ಬಿ.ಎಸ್ಸಿ. ಎಂಬುದನ್ನು ಈ ಮನೆಯವರು ಮರೆತಿದ್ದಾರೆ. ಕೆಪಾಸಿಟರ್ 145 ಮೈಕ್ರೊಫ್ಯಾರಡ್. ಶಾಕ್ ಕೊಡುವ ಮೊದಲು ಬ್ಯಾಟರಿ ಅದನ್ನು 695 ವೋಲ್ಟಿನವರೆಗೆ ತುಂಬುತ್ತದೆ. ಆಮೇಲೆ ಅದು ನನ್ನ ಹೃದಯದೊಳಗೆ ಬರಿದಾಗುತ್ತದೆ. ಎಷ್ಟು ಶಕ್ತಿ ಬಿಡುಗಡೆಯಾಗುತ್ತದೆ ಎಂದು ತಿಳಿಯಲು ಡಾಕ್ಟರೇ ಬೇಕೆಂದಿಲ್ಲ.

0.000145 × 695 × 695 = 70.04.

ಎಪ್ಪತ್ತು ಜೂಲ್. ಪುಸ್ತಿಕೆಯಲ್ಲಿ ಅಚ್ಚು ಹಾಕಿದ್ದು ಮೂವತ್ತೈದು. ಮೂರು ಸಲ ಗುಣಿಸಿದೆ. ಎಪ್ಪತ್ತೇ.

ಮೂವತ್ತೈದು ಎಂದು ಹೇಳಿ ಎಪ್ಪತ್ತು ಕೊಡುತ್ತಿದ್ದಾರೆ. ಒಂದು ಕಿಲೋ ತೂಗುವ ತೆಂಗಿನಕಾಯಿ ಏಳು ಮೀಟರ್ ಎತ್ತರದಿಂದ ಎದೆಯ ಮೇಲೆ ಬಿದ್ದಷ್ಟು. ರೋಗಿಗೆ ಗೊತ್ತಾಗುವುದಿಲ್ಲ, ಕೇಳುವವರಿಲ್ಲ ಎಂಬ ಧೈರ್ಯ. ತುರ್ತು ಪರಿಸ್ಥಿತಿಯ ಕಾಲದಿಂದ ನೋಡುತ್ತಿದ್ದೇನೆ, ಈ ದೇಶದಲ್ಲಿ ಜನರಿಗೆ ಹೇಳುವ ಅಂಕಿ ಬೇರೆ, ನಡೆಯುವ ಅಂಕಿ ಬೇರೆ. ಆಸ್ಪತ್ರೆಯ ಮುಖ್ಯಸ್ಥರಿಗೆ ನಾಲ್ಕು ಪುಟದ ಪತ್ರ ಬರೆದೆ. ಬಹಳ ದಿನದ ನಂತರ ಹಸಿವಾಯಿತು.

ಫೆಬ್ರವರಿ 21, ಶುಕ್ರವಾರ

ಪತ್ರ ಕಳುಹಿಸುವ ಮೊದಲು ಶಶಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಎಪ್ಪತ್ತು ಎಂಬಲ್ಲಿ ಕೈ ನಿಂತಿತು. ಮುಗಿದ ಮೇಲೆ, "ಹೇಳಿದ್ದಕ್ಕಿಂತ ಡಬ್ಬಲ್ಲಾ?" ಎಂದು ಕೇಳಿದಳು. ಹೌದು ಎಂದೆ. ಲೆಕ್ಕವನ್ನು ಹಾಳೆಯಲ್ಲಿ ಮಾಡಿ ತೋರಿಸಿದೆ. ಈ ಮನೆಯಲ್ಲಿ ಒಬ್ಬರಾದರೂ ನನ್ನ ಮಾತನ್ನು ಗಂಭೀರವಾಗಿ ಕೇಳಿದರಲ್ಲ.

ಪಕ್ಕದ ಮನೆಯ ಮೈಮೂನಮ್ಮನಿಗೂ ಕಾಂಪೌಂಡಿನ ಮೇಲಿಂದ ವಿಷಯ ತಿಳಿಸಿದೆ. ಅವರು ಒಣಗಲು ಹಾಕಿದ ಬಟ್ಟೆಯ ಹಿಂದಿನಿಂದ, "ಎಪ್ಪತ್ತಾ ವಕೀಲ್ರೆ? ಹಾಗಾದ್ರೆ ಕರೆಂಟು ಹೋದಾಗ ಸ್ವಲ್ಪ ನಮ್ಮಲ್ಲಿಗೆ ಬನ್ನಿ. ನಮ್ಮ ಇನ್ವರ್ಟರಿಗೆ ಈಗ ಏನೂ ತಾಕತ್ತಿಲ್ಲ" ಎಂದರು. ಶಶಿ ನಗಲಿಲ್ಲ.

ಫೆಬ್ರವರಿ 28, ಶುಕ್ರವಾರ

ಮತ್ತೊಂದು ಬಂತು. ನಿನ್ನೆ, ಜಗಲಿಯ ಕುರ್ಚಿಯಲ್ಲಿ ಪತ್ರಿಕೆ ಓದುವಾಗ. ಮೊದಲು ಎದೆಯಲ್ಲಿ ಹಕ್ಕಿ ಸಿಕ್ಕಿಹಾಕಿಕೊಂಡ ಹಾಗೆ ಪಟಪಟ, ಕಣ್ಣು ಮಂಜು, ಆಮೇಲೆ ಒದೆ.

ಕುರ್ಚಿಯಿಂದ ಬೀಳಲಿಲ್ಲ. ಶಶಿ ಹೊಸ್ತಿಲಲ್ಲಿ ನಿಂತಿದ್ದಳು. ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡಿದ್ದಳು, ಯಾರೋ ಕಟ್ಟಿಹಾಕಿದ ಹಾಗೆ. "ಹೋಯ್ತಾ? ಹೋಯ್ತಾ?" ಎಂದು ಕೇಳುತ್ತಿದ್ದಳು. ಹೋಯಿತು ಎಂದೆ. ಆದರೂ ಹತ್ತಿರ ಬರಲಿಲ್ಲ.

ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿದೆವು. ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ. ಪತ್ರಕ್ಕೆ ಉತ್ತರವಿಲ್ಲ.

ಮಾರ್ಚ್ 4, ಮಂಗಳವಾರ

ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಬಿಸಿಲು ಹೆಚ್ಚು ಎಂದು ಹೇಳಿದೆ. ಬಿಸಿಲಲ್ಲ. ರಸ್ತೆಯಲ್ಲಿ ಬಿದ್ದರೆ ಯಾರು ಮುಟ್ಟುತ್ತಾರೆ? ಮನೆಯಲ್ಲೇ ಮುಟ್ಟುವವರಿಲ್ಲ.

ಮೈಮೂನಮ್ಮನ ಉಪವಾಸ ಶುರುವಾಗಿದೆ. ಸೂರ್ಯ ಮುಳುಗಿದ ಕೂಡಲೇ ನಮ್ಮ ಅಡುಗೆಮನೆಯ ಬಾಗಿಲು ಮುಚ್ಚುತ್ತದೆ, ಶಶಿ ಕತ್ತಲಾದ ಮೇಲೆ ತಿನ್ನುವವಳಲ್ಲ, ಜೈನರ ನೇಮ. ಅದೇ ಹೊತ್ತಿಗೆ ಅವರ ಅಡುಗೆಮನೆ ತೆರೆಯುತ್ತದೆ. ಖರ್ಜೂರ, ಕಲ್ಲಂಗಡಿಯ ತಟ್ಟೆ ಗೋಡೆಯ ಮೇಲಿಂದ ಬರುತ್ತದೆ. ಶಶಿ ಅದನ್ನು ಮುಚ್ಚಿಟ್ಟು ಬೆಳಿಗ್ಗೆ ತಿನ್ನುತ್ತಾಳೆ. ವರ್ಷವೂ ಹೀಗೇ. ಒಬ್ಬರಾದರೂ ಸಮಯ ಬದಲಿಸಬಾರದೇ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಈ ವರ್ಷ ಹೇಳಲಿಲ್ಲ.

ಮಾರ್ಚ್ 9, ಭಾನುವಾರ

ಮಗಳು ಸುಪ್ರೀತಾ ಮೂಡಬಿದಿರೆಯಿಂದ ಬಂದಿದ್ದಳು. ಅಲ್ಲಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಪತ್ರದ ಪ್ರತಿಯನ್ನು ಹೆಮ್ಮೆಯಿಂದಲೇ ಕೊಟ್ಟೆ. ನಿಂತುಕೊಂಡೇ ಓದಿದಳು. ಎರಡನೆಯ ಪುಟದಲ್ಲಿ ಕುಳಿತಳು.

"ಅಪ್ಪಾ, ಅರ್ಧ ಎಲ್ಲಿ?"

ಯಾವ ಅರ್ಧ ಎಂದೆ.

"ಸೂತ್ರ ಅರ್ಧ ಸಿ ವಿ ಸ್ಕ್ವೇರ್. ನೀವು ಅರ್ಧವನ್ನೇ ಬಿಟ್ಟಿದ್ದೀರಿ. ಇದಕ್ಕೆ ನಾನು ಮಕ್ಕಳಿಗೆ ಮಾರ್ಕು ಕೊಡುವುದಿಲ್ಲ."

ವಾದ ಮಾಡಿದೆ. ಇಷ್ಟು ವಿದ್ಯುದಂಶ, ಇಷ್ಟು ವೋಲ್ಟು, ಗುಣಿಸಿದರೆ ಆಯಿತಲ್ಲ. ಅವಳು ತಾಳ್ಮೆಯಿಂದ ಕಿಟಕಿಯ ಹೊರಗೆ ತಾರಸಿಯ ನೀರಿನ ಟ್ಯಾಂಕ್ ತೋರಿಸಿದಳು. ಟ್ಯಾಂಕ್ ತುಂಬಿದ್ದಾಗ ನಳ್ಳಿಯಲ್ಲಿ ನೀರು ಜೋರು ಬರ್ತದೆ, ಇಳಿದ ಹಾಗೆ ಜೋರು ಕಮ್ಮಿ ಆಗ್ತದೆ, ಕೊನೆಯ ಚೊಂಬು ಬರೀ ಒಸರುತ್ತದೆ. ಕೆಪಾಸಿಟರೂ ಹಾಗೇ, ಬರಿದಾಗುತ್ತಾ ಅದರ ವೋಲ್ಟು ಇಳಿಯುತ್ತಾ ಹೋಗ್ತದೆ. "ನೀವು ಕೊನೆಯ ಚೊಂಬನ್ನೂ ಮೊದಲನೆಯ ಚೊಂಬಿನ ಜೋರಿನಲ್ಲೇ ಲೆಕ್ಕ ಹಾಕಿದ್ದೀರಿ. ಸರಾಸರಿ ತೆಗೆದರೆ ಅರ್ಧ. ಮೂವತ್ತೈದೇ ಸರಿ."

ಇದೇ ಲೆಕ್ಕ ನಮ್ಮ ಕೊನೆಯ ವರ್ಷದ ಪರೀಕ್ಷೆಯಲ್ಲಿ ಬಂದಿತ್ತು. ಪೂರ್ತಿ ಅಂಕ ಸಿಕ್ಕಿತ್ತು. ಪ್ರಶ್ನೆಪತ್ರಿಕೆಯ ಬಣ್ಣ ನೆನಪಿದೆ, ಕೊಠಡಿಯ ಮೇಲ್ವಿಚಾರಕರ ಕೆಮ್ಮು ನೆನಪಿದೆ. ಅರ್ಧ ನೆನಪಿರಲಿಲ್ಲ.

ಹೊರಡುವಾಗ ಸುಪ್ರೀತಾ ಮೆಲ್ಲಗೆ ಹೇಳಿದಳು, "ಅಮ್ಮ ನನ್ನ ಹತ್ತಿರ ಎಪ್ಪತ್ತು ಎಪ್ಪತ್ತು ಅಂತ ಹೇಳ್ತಾ ಇದ್ರು. ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

ಮಾರ್ಚ್ 10, ಸೋಮವಾರ

ಏನೂ ಬರೆಯಲಿಕ್ಕಿಲ್ಲ.

ಮಾರ್ಚ್ 13, ಗುರುವಾರ

ಫಾಝಿಲ್ ಫೋನು ಮಾಡಿದ್ದ. ನನ್ನ ಪತ್ರ ಎಲ್ಲೆಲ್ಲೋ ಸುತ್ತಿ ಅವನ ಕೈಗೆ ಬಂದಿದೆ. ಬಹಳ ವಿನಯದಿಂದ, ಸರ್, ಒಂದು ಸಣ್ಣ ವಿಷಯ, ಎಂದು ಶುರುಮಾಡಿದ. ಅರ್ಧ ಎಂದು ನಾನೇ ಹೇಳಿದೆ. ಅವನಿಗೆ ನಿರಾಳವಾದಂತೆ ಕಂಡಿತು. ಶಾಕ್ ಬರುವಾಗ ಯಾರಾದರೂ ಮುಟ್ಟಿದ್ದರೆ ಅವರಿಗೆ ಏನಾಗುತ್ತದೆ ಎಂದು, ಬೇರೆ ಯಾರಿಗೋ ಬೇಕು ಎಂಬಂತೆ, ಕೇಳಿದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಸ್ವಲ್ಪ ಚುರುಕ್ ಎನ್ನಬಹುದು, ಅಪಾಯ ಇಲ್ಲ ಎಂದ.

ಶಶಿಗೆ ಹೇಳಿದೆ. ಹಾಳೆ ತಂದು ಹೊಸ ಲೆಕ್ಕ ಮಾಡಿ ತೋರಿಸಿದೆ. ಮೂವತ್ತೈದು ಜೂಲಿನಲ್ಲಿ ಒಂದು ಚಮಚ ನೀರು ಎರಡು ಡಿಗ್ರಿಯೂ ಬಿಸಿಯಾಗುವುದಿಲ್ಲ ಎಂದೆ. ಅವಳು ಹಾಳೆಯನ್ನು ನೋಡಲಿಲ್ಲ.

"ಎಪ್ಪತ್ತು ಅಂದವರೂ ನೀವೇ, ಮೂವತ್ತೈದು ಅಂದವರೂ ನೀವೇ. ನಾಳೆ ಎಷ್ಟು ಅಂತೀರಿ?"

ಕೋರ್ಟಿನಲ್ಲಿ ಇಷ್ಟು ಚೊಕ್ಕವಾಗಿ ನನ್ನನ್ನು ಯಾರೂ ಕೂರಿಸಿರಲಿಲ್ಲ.

ಮಾರ್ಚ್ 16, ಭಾನುವಾರ

ಬೆಳ್ತಂಗಡಿಯಲ್ಲಿ ಶಶಿಯ ಅಣ್ಣನ ಮೊಮ್ಮಗಳ ಮದುವೆ. ನಾನು ಬರುವುದಿಲ್ಲ ಎಂದೆ. ಮೈಕಾಸುರರು, ಪ್ಲಾಸ್ಟಿಕ್ ಹೂವು, ಒಬ್ಬರ ತಟ್ಟೆಯ ಹಿಂದೆ ಇನ್ನೊಬ್ಬರು ಕಾಯುವುದು ಎಂದು ಕಾರಣಗಳನ್ನೂ ಕೊಟ್ಟೆ. ಅವಳು ಸುಪ್ರೀತಾಳ ಜೊತೆ ಹೋದಳು. ಮೈಮೂನಮ್ಮ ಆಗಾಗ ಗೋಡೆಯ ಮೇಲಿಂದ ಕರೆದು ನಾನು ಇದ್ದೇನೆಯೇ ಎಂದು ನೋಡುತ್ತಿದ್ದರು.

ಮನೆ ನಿಶ್ಶಬ್ದವಾಗಿತ್ತು. ಎದೆ ಒಮ್ಮೆ ಪಟಪಟ ಎಂದಿತು, ಕುರ್ಚಿಯ ಕೈಯನ್ನು ಗಟ್ಟಿ ಹಿಡಿದು ಕಾದೆ. ಏನೂ ಬರಲಿಲ್ಲ. ತಾನಾಗಿ ಶಾಂತವಾಯಿತು. ಆ ಹೊತ್ತಿನಲ್ಲಿ ಎತ್ತಿನ ಒದೆಯ ಭಯವೇ ಇರಲಿಲ್ಲ. ಅವಳು ಎರಡು ಮಾರು ದೂರದಲ್ಲಾದರೂ, ಕೈ ಹಿಂದೆ ಕಟ್ಟಿಕೊಂಡಾದರೂ, ನಿಂತಿರಬೇಕಿತ್ತು ಎನಿಸಿತು.

ಊಟದ ಹೊತ್ತಿಗಿಂತ ಮೊದಲೇ ವಾಪಸ್ ಬಂದಳು. ಅಲ್ಲಿ ಉಣ್ಣಲಿಲ್ಲವಂತೆ. ಯಾಕೆ ಎಂದು ಕೇಳಿದೆ. "ಸೆಕೆ" ಎಂದಳು.

ಮಾರ್ಚ್ 24, ಸೋಮವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಶಶಿ ಮಧ್ಯಾಹ್ನ ಅಡುಗೆಮನೆಯ ನೆಲದಲ್ಲಿ ಕುಳಿತು ಗುಜ್ಜೆ, ಎಳೆ ಹಲಸು, ಹೆಚ್ಚುತ್ತಿದ್ದಳು. ಮೇಣ ಅಂಟದಿರಲು ಎರಡು ಕೈಗೂ ಎಣ್ಣೆ ಬಳಿದುಕೊಂಡಿದ್ದಳು. ನಾನು ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಿದ್ದೆ. ಇತ್ತೀಚೆಗೆ ಹಾಗೆ ಕೂರುತ್ತೇನೆ. ಏನನ್ನೋ ಓದಿ ಹೇಳುತ್ತಿದ್ದೆ. ಅವಳು ನಡುವೆ, ತಲೆ ಎತ್ತದೆ, ಶುರುಮಾಡಿದಳು.

ನಾರಾವಿಯ ಅವಳ ತವರಿನಲ್ಲಿ, ತೋಟದ ಕೆಳಗೆ ಪಂಪ್ ಶೆಡ್ಡು. ಅವಳು ಆಗ ಮೂರನೆಯ ಕ್ಲಾಸು. ಸ್ವಿಚ್ಚು ಹಾಕಲು ಹೋದ ಚಿಕ್ಕಪ್ಪನನ್ನು ಕರೆಂಟು ಅಲ್ಲೇ ಹಿಡಿದುಕೊಂಡಿತು. ಚಿಕ್ಕಮ್ಮ ಓಡಿ ಹೋಗಿ ಅವರ ತೋಳು ಹಿಡಿದರು. ಚಿಕ್ಕಮ್ಮನ ಸೆರಗು ಹಿಡಿಯಲು ಶಶಿ ಕೈ ಚಾಚಿದ್ದಳು. ತೋಟದ ಕೆಲಸದ ಪದ್ಮಯ್ಯ ಹಿಂದಿನಿಂದ ಜಡೆ ಹಿಡಿದು ಎಳೆದು ಅವಳನ್ನು ಪಕ್ಕದ ನೀರಿನ ತೋಡಿಗೆ ಎಸೆದ.

"ಚಿಕ್ಕಮ್ಮನಿಗೆ ಬಿಡ್ಲಿಕ್ಕೆ ಮನಸ್ಸಿಲ್ಲದೆ ಅಲ್ಲ" ಎಂದಳು. "ಬಿಡ್ಲಿಕ್ಕೆ ಆಗುವುದಿಲ್ಲ. ಅವರ ಮುಖ ನನ್ನ ಕಡೆಗೇ ಇತ್ತು."

ಮಣೆ ಹಿಡಿದ ದಿನ ಅವಳ ಜಡೆಯನ್ನು ಯಾರೋ ಹಿಂದಿನಿಂದ ಎಳೆದ ಹಾಗಾಯಿತಂತೆ. ನಿಜವಾಗಿ ಎಳೆದ ಹಾಗೆ.

ನನಗೆ ಇದು ಗೊತ್ತೇ ಇರಲಿಲ್ಲ ಎಂದೆ. "ಮದುವೆಯಾದ ವರ್ಷವೇ ಹೇಳಿದ್ದೆ" ಎಂದಳು. ಸಿಟ್ಟಿನಿಂದಲ್ಲ. ಆ ವರ್ಷ ಬಂಟ್ವಾಳದ ಬಾರ್ ಅಸೋಸಿಯೇಷನ್ನಿನಲ್ಲಿ ಯಾರು ಯಾರ ವಿರುದ್ಧ ನಿಂತರು ಎಂದು ನಾನು ಈಗಲೂ ಹೇಳಬಲ್ಲೆ.

ಹಾಳೆ ತರಲಿಲ್ಲ. ಸುಮ್ಮನೆ ಹೇಳಿದೆ. ಪಂಪಿನ ಸ್ವಿಚ್ಚಿನ ಹಿಂದೆ ತಂತಿ, ತಂತಿಯ ಹಿಂದೆ ಊರಿನ ಲೈನು, ಅದರ ಹಿಂದೆ ಶರಾವತಿ. ಅದು ಕೊಡುತ್ತಲೇ ಇರುತ್ತದೆ, ಅದಕ್ಕೇ ಹಿಡಿದವರನ್ನು ಬಿಡುವುದಿಲ್ಲ. ನನ್ನ ಪೆಟ್ಟಿಗೆಯ ಹಿಂದೆ ಏನೂ ಇಲ್ಲ. ತುಂಬಿದ್ದನ್ನು ಒಮ್ಮೆ ಚೆಲ್ಲುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಬರಿದಾಗುತ್ತದೆ. ಆಮೇಲೆ ಹಿಡಿದಿಡಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ಮೂವತ್ತೈದೋ ಎಪ್ಪತ್ತೋ, ಯಾವುದಾದರೂ ಮುಗಿಯುತ್ತದೆ.

ಶಶಿ ಗುಜ್ಜೆಯ ಗೂಂಜು ಕತ್ತರಿಸುತ್ತಾ ಕೇಳಿದಳು. "ಮುಗಿದು ಹೋಗ್ತದಾ" ಎಂದಳು. ಹೌದು ಎಂದೆ. ರಾತ್ರಿಗೂ ದಿವಾನವೇ.

ಮಾರ್ಚ್ 31, ಸೋಮವಾರ

ಪಕ್ಕದ ಮನೆಯಲ್ಲಿ ಹಬ್ಬ. ಇವತ್ತು ತಟ್ಟೆ ಬೆಳಿಗ್ಗೆಯೇ ಬಂತು, ಶಶಿಗೋಸ್ಕರ ಬೇರೆ ಪಾತ್ರೆಯಲ್ಲಿ ಮಾಡಿದ ಪಾಯಸ. ಮೈಮೂನಮ್ಮ ಮಗ ನೌಫಲ್‌ನ ಕೈಯಲ್ಲಿ ಕಳುಹಿಸಿ, ಗೋಡೆಯ ಆಚೆಯಿಂದ, ವಕೀಲರು ಚಾರ್ಜ್ ಆಗಿದ್ದಾರೆಯೇ ಎಂದು ಕೇಳಿದರು. ಶಶಿಯೇ ಉತ್ತರ ಕೊಟ್ಟಳು. "ಅರ್ಧ ಚಾರ್ಜು ಮಾತ್ರ. ಇನ್ನರ್ಧ ಅವರೇ ಎಲ್ಲಿಯೋ ಬಿಟ್ಟು ಬಂದಿದ್ದಾರೆ."

ಗೋಡೆಯ ಎರಡೂ ಕಡೆ ನಕ್ಕರು. ನಾನೂ.

ಏಪ್ರಿಲ್ 3, ಗುರುವಾರ. ಮಂಗಳೂರು, ಆಸ್ಪತ್ರೆ

ನಿನ್ನೆ ಬೆಳಿಗ್ಗೆ ಹಬ್ಬದ ಪಾತ್ರೆ ವಾಪಸ್ ಕೊಡಲು ಇಬ್ಬರೂ ಹೊರಟೆವು. ಗೇಟಿನಾಚೆ ನಾನು ಕಾಲಿಡುವುದು ತಿಂಗಳ ಮೇಲೆ. ಮೈಮೂನಮ್ಮನ ಮೆಟ್ಟಿಲಿನ ಹತ್ತಿರ ಹೋಗುವಾಗ ಎದೆಯೊಳಗೆ ಆ ಹಕ್ಕಿ ಬಂತು. ಕಣ್ಣು ಮಂಜಾಯಿತು. ಮೆಟ್ಟಿಲಲ್ಲೇ ಕುಳಿತೆ. ಶಶಿ ಪಕ್ಕದಲ್ಲಿ ಕುಳಿತು ನನ್ನ ಎಡಗೈ ಹಿಡಿದಳು.

ಹಿಡಿದಳು ಎಂದು ತಿಳಿದ ಕೂಡಲೇ ನನಗೆ ಏನಾಯಿತೋ. "ಬಿಡು" ಎಂದೆ. "ಶಶಿ, ಬಿಡು, ದೂರ ಹೋಗು." ಕೈ ಕಿತ್ತುಕೊಳ್ಳಲು ಎಳೆದೆ. ಫಾಝಿಲ್ ಹೇಳಿದ್ದು, ನಾನು ಹೇಳಿದ್ದು, ಯಾವುದೂ ತಲೆಯಲ್ಲಿರಲಿಲ್ಲ. ನಾರಾವಿಯ ಆ ಶೆಡ್ಡು, ನಾನು ನೋಡದ ಆ ಹೆಂಗಸಿನ ಮುಖ, ಅಷ್ಟೇ ಇತ್ತು. ಅವಳು ಇನ್ನೊಂದು ಕೈಯನ್ನೂ ತಂದು ಹಿಡಿದಳು. ಪಾತ್ರೆ ಮೆಟ್ಟಿಲಿಳಿದು ಉರುಳಿ ಹೋದ ಸದ್ದು ಕೇಳಿತು.

ಒದೆ ಬಂತು.

ಮತ್ತೆ ಕಣ್ಣು ತಿಳಿಯಾದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿನಗೆ ಎಂತ ಆಯಿತು ಎಂದು ಕೇಳಿದೆ, ಎರಡು ಸಲ ಕೇಳಿದೆ. ಕಣ್ಣು ಬಿಟ್ಟು ಮೊದಲು ನನ್ನನ್ನು, ಆಮೇಲೆ ಕೈಗಳನ್ನು ನೋಡಿದಳು.

"ಚುರುಕ್ ಅಂತು. ನಿಮ್ಮ ಬೊಬ್ಬೆಗೇ ಹೆಚ್ಚು ಹೆದರಿದೆ." ಕೈ ಬಿಡದೆಯೇ, "ಮುಗೀತಲ್ಲಾ?" ಎಂದಳು.

ಮುಗಿಯಿತು ಎಂದೆ.

ನೌಫಲ್ ಅವನ ಕಾರಿನಲ್ಲಿ ಕರೆದುಕೊಂಡು ಬಂದ. ಸೇತುವೆಯ ಆಚೆ ಅಗೆದ ರಸ್ತೆಯಲ್ಲಿ ಬಹಳ ಹೊತ್ತು ನಿಂತೆವು. ಅವನು ಯಾರನ್ನೋ ಬೈಯುತ್ತಿದ್ದ. ಅವನು ಬೈಯುತ್ತಿದ್ದುದು ಸರಿಯೇ. ನನಗೆ ಯಾರಿಗೂ ಬರೆಯಬೇಕೆನಿಸಲಿಲ್ಲ.

ಇವತ್ತು ಸಂಜೆ ಡಾಕ್ಟರು ಬಂದು, ಮುಂದಿನ ವಾರ ಹೃದಯದೊಳಗೆ ಲಯ ತಪ್ಪಿಸುವ ಜಾಗವನ್ನು ಸುಡುವ ಒಂದು ಚಿಕಿತ್ಸೆ ಮಾಡುವ ಎಂದರು. ಎಷ್ಟು ಉಷ್ಣತೆ, ಎಷ್ಟು ಶಕ್ತಿ ಎಂದು ಕೇಳಲು ಬಾಯಿ ತೆರೆದವನು, ಆಗಲಿ ಎಂದೆ. ಶಶಿ ನನ್ನನ್ನು ಆಶ್ಚರ್ಯದಿಂದ ನೋಡಿದಳು.

ಈಗ ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಲ್ಲೇ ನಿದ್ದೆ ಮಾಡಿದ್ದಾಳೆ. ನನ್ನ ಎಡಗೈ ಅವಳ ಮಡಿಲಲ್ಲಿ ಉಂಟು. ಪುಟ ಒತ್ತಿ ಹಿಡಿಯಲು ಕೈಯಿಲ್ಲ, ಅಕ್ಷರ ಓರೆಯಾಗುತ್ತಿದೆ. ನರ್ಸು ಬಿಪಿ ನೋಡಲು ಬಂದು ಆ ಕೈ ಬಿಡಿಸಿಕೊಡಿ ಎನ್ನುತ್ತಾಳೆ. ಎಬ್ಬಿಸಬೇಡಿ, ಬಲಗೈಯಲ್ಲಿ ನೋಡಿ ಎಂದೆ. ಹಾಗಾದರೆ ಪೆನ್ನು ಕೆಳಗಿಡಿ ಎನ್ನುತ್ತಿದ್ದಾಳೆ.

ಇಡುತ್ತಿದ್ದೇನೆ.